ಮೂರು ಸಲ ಕೊಯ್ದ ಏಡಿ

ಅಪ್ಪಾ,

ಸೇಡು ತೀರಿತು. ಅವ್ವನ ಮೊಣಕಾಲು, ಮನೆಯ ಸೋರುವ ಮೂಲೆ, ಅದೆಲ್ಲ ಆಮೇಲೆ. ಮೊದಲು ಇದನ್ನು ಹೇಳಿಬಿಡುತ್ತೇನೆ. ನೀನಿದ್ದಿದ್ದರೆ ಕೈ ಅಡ್ಡ ಹಿಡಿದು, "ಬ್ಯಾಡ ನೀಲಾ, ಬಿಟ್ಟಬಿಡು, ಅವರ ಪಾಪ ಅವರಿಗಿ" ಎನ್ನುತ್ತಿದ್ದೆ. ಅದಕ್ಕೇ ನೀನಿಲ್ಲದಾಗ ಮಾಡಿದೆ. ಈಗ ಈ ಮನೆಯಲ್ಲಿ ನನ್ನನ್ನು ತಡೆಯುವವರು ಯಾರಿದ್ದಾರೆ? ಅವ್ವ ತಡೆಯಲಿಲ್ಲ. ನನ್ನ ಸೀರೆಯ ನೆರಿಗೆ ಸರಿಮಾಡಿ, "ಹೋಗಿ ಬಾ, ಊಟ ಮಾಡಿ ಹೋಗು" ಎಂದಳು, ಅಷ್ಟೇ.

ನೀನು ಮೊದಲ ಸಲ ಸಮುದ್ರ ನೋಡಿ ಬಂದ ದಿನ ನೆನಪಿದೆ. ನಾನು ಆಗ ಆರನೇ ಇಯತ್ತೆ ಓದುತ್ತಿದ್ದೆ. ನೀನು ಗೋಕಾಕದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಅಟೆಂಡರ್. ನಿನ್ನ ಸಾಹೇಬರು ಡಾಕ್ಟರೇಟಿಗೆಂದು ಕಡಲ ದಂಡೆಯ ಏಡಿಗಳನ್ನು ಆರಿಸಿಕೊಂಡಿದ್ದರು. ಮರಳಿನಲ್ಲಿ ಬಿಲ ತೋಡಿ, ಮರಳಿನದೇ ಬಣ್ಣ ತಾಳಿ, ಕಡ್ಡಿಯಂಥ ಕಣ್ಣೆತ್ತಿಕೊಂಡು ಅಡ್ಡಡ್ಡ ಓಡುವ ಏಡಿಗಳು. ಅವು ಏನು ತಿನ್ನುತ್ತವೆ, ತಿಂದದ್ದನ್ನು ಹೇಗೆ ಅರಗಿಸಿಕೊಳ್ಳುತ್ತವೆ, ಇದೇ ಅವರ ವಿಷಯ. ರಜೆ ಬಂತೆಂದರೆ ನಿನ್ನನ್ನು ಬಸ್ಸು ಹತ್ತಿಸಿ ಕಡಲಿಗೆ ಕಳಿಸುತ್ತಿದ್ದರು. ತಾವು ವಾರಕ್ಕೊಮ್ಮೆ ಬಂದು, ಸೀಸೆಗಳನ್ನು ನೋಡಿ, ಮೀನೂಟ ಮಾಡಿ ವಾಪಸು. ಅಷ್ಟು ದಿನ ಅಲ್ಲಿದ್ದು ಬಂದವನು ನೀನು ಸಮುದ್ರದ ಮಾತೇ ಎತ್ತಲಿಲ್ಲ. ಚಹಾದ ಬಟ್ಟಲು ಕೆಳಗಿಟ್ಟು, "ಅದರ ಹೊಟ್ಟ್ಯಾಗ ಹಲ್ಲ ಅದಾವ, ಗೊತ್ತೈತೇನ?" ಎಂದೆ. "ಸಿಟ್ಟಿಗೆದ್ರ ಆ ಹಲ್ಲ ತಿಕ್ಕಿ ಗುರ್ ಅಂತೈತಿ. ನಾ ಕಿವಿ ಹಚ್ಚಿ ಕೇಳೇನಿ." ಹಲ್ಲಿನ ಮಾತು ಸಾಹೇಬರಿಗೂ ಗೊತ್ತಿತ್ತು, ಪುಸ್ತಕದಲ್ಲಿತ್ತಲ್ಲ. ಸದ್ದಿನ ಮಾತಿಗೆ ಮಾತ್ರ ನಕ್ಕಿದ್ದರಂತೆ. ಈಗ ಹೊರದೇಶದ ವಿಜ್ಞಾನಿಗಳು ಯಂತ್ರ ಹಚ್ಚಿ ಕೇಳಿ, ಹೌದು, ಅದು ಹೊಟ್ಟೆಯ ಹಲ್ಲಿನ ಸದ್ದೇ ಎಂದಿದ್ದಾರೆ. ಇದೂ ನಿನಗೆ ಗೊತ್ತಾಗದೇ ಹೋಯಿತು.

ನನ್ನ ಕೆಂಪು ನೈಲ್ ಪಾಲಿಶ್ ನೀನು ಒಯ್ದು ಖಾಲಿ ಮಾಡಿದ ಜಗಳ ಮರೆತಿದ್ದೀಯಾ? ಅತ್ತು ಕರೆದು ಕೊಡಿಸಿಕೊಂಡ ಬಾಟಲಿ ಅದು. ನೀನು ಅದರಿಂದ ಏಡಿಯ ಬೆನ್ನಿಗೆ ನಂಬರು ಬರೆದಿದ್ದೆ. ನಿನ್ನ ಕೆಲಸದ ರೀತಿಯೇ ಬೇರೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮೇಲೆ ಜೀವ ತೆಗೆಯುವುದಿಲ್ಲ ಎಂದು ಸೇರಿದ ದಿನವೇ ಹೇಳಿದ್ದೆಯಂತೆ. ಪ್ರಾಕ್ಟಿಕಲ್ಲಿನಲ್ಲಿ ಜಿರಳೆ ಕೊಯ್ಯುವ ಹೊತ್ತಿಗೆ ನೀನು ಹೊರಗೆ ಗಿಡಗಳಿಗೆ ನೀರು ಹಾಕುತ್ತ ನಿಂತಿರುತ್ತಿದ್ದೆ. ಏಡಿಯ ವಿಷಯ ಬಂದಾಗಲೂ ಸಾಹೇಬರಿಗೆ ಅದನ್ನೇ ಹೇಳಿದೆ: "ಸರ, ಕೊಯ್ಯೂದ ಯಾಕ್ರಿ? ಉಂಡದ್ದ ಹೊರಗ ಬಂದ ಬರತೈತಲ್ರಿ." ಅವರು ಒಪ್ಪಿದರು. ಯಾಕೆ ಒಪ್ಪುವುದಿಲ್ಲ, ದುಡಿಯುವವನು ನೀನಲ್ಲವೇ? ನಸುಕಿನಲ್ಲಿ ಬಿಲದ ಬಾಯಿಗೆ ಬಟ್ಟೆ ಒಡ್ಡಿ ಏಡಿ ಹಿಡಿಯುವುದು, ಅಗಲ ಬಾಯಿಯ ಮಡಕೆಯಲ್ಲಿ ಒಂದು ದಿನ ಇಡುವುದು, ತಳದ ಬಿಳಿ ಅರಿವೆಯ ಮೇಲೆ ಬಿದ್ದ ಹಿಕ್ಕೆಯನ್ನು ಚಿಮಟದಿಂದ ಆರಿಸಿ ಸೀಸೆಗೆ ಹಾಕುವುದು, ಬೆನ್ನಿಗೆ ನಂಬರು ಬರೆದು ಹಿಡಿದ ಜಾಗದಲ್ಲೇ ಬಿಟ್ಟುಬರುವುದು. ಆ ಹಿಕ್ಕೆಯಲ್ಲಿ ಮರಳಿನ ಕಾಳು, ಚಿಪ್ಪಿನ ಚೂರು, ಕೊಳೆತ ಪಾಚಿಯ ಕೆಳಗೆ ಕುಪ್ಪಳಿಸುವ ಮರಳ ಚಿಗಟಗಳ ಮುರಿದ ಕಾಲು. ಅಷ್ಟು ಸಣ್ಣ ಕಾಲನ್ನು ನೀನು ಬರಿಗಣ್ಣಿನಲ್ಲೇ ಗುರುತು ಹಿಡಿಯುತ್ತಿದ್ದೆ.

ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ನನಗೆ ಪಾಠ ಹೇಳಿದ್ದೆ. ಮಡಕೆಯ ಏಡಿಗೆ ದಂಡೆಯ ಮೇಲೆ ಸತ್ತು ಬಿದ್ದ ಮೀನಿನ ಚೂರು ಹಾಕಿ ನೋಡಿದ್ದೆಯಂತೆ. "ಮರುದಿನ ಹಿಕ್ಕ್ಯಾಗ ಒಂದ ಸಣ್ಣ ಮುಳ್ಳ ಬಿಟ್ರ ಏನೂ ಇಲ್ಲ ನೋಡವಾ. ಗಟ್ಟಿದ್ದದ್ದು ಹೊರಗ ಬರತೈತಿ. ಮೆತ್ತಗಿದ್ದದ್ದು ಕರಗಿ ಮೈಯಾಗ ಕೂಡತೈತಿ. ಹಿಕ್ಕಿ ನೋಡಿ, ಇದು ಮೀನ ತಿಂದೇ ಇಲ್ಲ ಅಂದ್ರ ತಪ್ಪಾಗತೈತಿ. ಸಾಹೇಬರಿಗಿ ಹೇಳೇನಿ, ಹಿಕ್ಕಿ ಅಂತನ ಬರೀರಿ ಅಂತ." ಈಗ ಮೂಡಲಗಿಯ ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಹೇಳುತ್ತೇನೆ. ಪಚನಕ್ರಿಯೆಯ ಪಾಠ ಬಂದಾಗಲೆಲ್ಲ ನಿನ್ನ ಮಾತನ್ನೇ ಹೇಳುತ್ತೇನೆ, ಹುಡುಗರಿಗೆ ಪುಸ್ತಕಕ್ಕಿಂತ ಬೇಗ ತಿಳಿಯುತ್ತದೆ.

ಥೀಸಿಸ್ ಮನೆಗೆ ಬಂದ ದಿನ... ಇದನ್ನು ಬರೆಯಲು ಕೈ ಹಿಂದೆ ಸರಿಯುತ್ತದೆ. ಆದರೂ ಬರೆಯುತ್ತೇನೆ. ಕರಿ ರಟ್ಟು, ಬಂಗಾರದ ಅಕ್ಷರ. ನೀನು ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ತಂದಿದ್ದೆ. ಇಂಗ್ಲಿಷಿನಲ್ಲಿ ಇತ್ತು. ನಾನು ಬಿ.ಎಸ್ಸಿ. ಮೊದಲ ವರ್ಷ, ಮನೆಯಲ್ಲಿ ಇಂಗ್ಲಿಷ್ ಬಲ್ಲ ಒಬ್ಬಳೇ ಜಾಣೆ. ಕೃತಜ್ಞತೆಯ ಪುಟದಲ್ಲಿ ನಿನ್ನ ಹೆಸರು ಕಂಡಿತು. ಅಚ್ಚಾದ ಹೆಸರು! ಸಂತೋಷದಲ್ಲಿ ಪೂರ್ತಿ ಓದದೆಯೇ ಎದ್ದು ಓಡಿದೆ. ಮಠದ ಕಟ್ಟೆಯ ಮೇಲೆ ಚನ್ನಪ್ಪ ಕಾಕಾ ನಾಲ್ಕು ಜನರ ಜೊತೆ ಕೂತಿದ್ದರು. ಸೋಮವಾರದ ದಾಸೋಹದ ಹಿರಿತನವೆಲ್ಲ ಅವರದೇ. "ಓದವಾ, ನಿಮ್ಮಪ್ಪನ ಬಗ್ಗೆ ಏನ್ ಬರದಾರ" ಎಂದರು. ನಾನು ಓದುತ್ತ ಓದುತ್ತ ಕನ್ನಡ ಮಾಡಿ ಹೇಳಿದೆ: ನೂರಾರು ಏಡಿಗಳನ್ನು ಕೊಯ್ದು ಜಠರ ತೆಗೆದುಕೊಟ್ಟ ಅಟೆಂಡರ್ ಬಸಲಿಂಗಪ್ಪನ ಪಳಗಿದ ಕೈಗೆ ನಾನು ಋಣಿ. ಹೇಳಿ ಮುಗಿಸಿದ ಮೇಲೆ ನಾನು ಹೇಳಿದ್ದೇನು ಎಂದು ನನಗೇ ತಿಳಿಯಿತು. ಕಾಕಾ ಚಷ್ಮಾ ತೆಗೆದು ಒರೆಸಿಕೊಂಡರು. "ಹೌದೇನ? ಹಿಂಗೈತೇನ?" ಎಂದರು.

ಆ ಮುಂದಿನ ಸೋಮವಾರ ನೀನು ಎಂದಿನಂತೆ ಧೋತರ ಎತ್ತಿಕಟ್ಟಿ ಹುಗ್ಗಿ ಬಡಿಸುವ ಸವಟಿಗೆ ಕೈ ಹಾಕಿದೆ. ಹನ್ನೆರಡು ವರ್ಷ ಆ ಸವಟು ನಿನ್ನದೇ. ಕಾಕಾ ನಿನ್ನ ಭುಜದ ಮೇಲೆ ಕೈಯಿಟ್ಟು, ಎಷ್ಟು ಮೆತ್ತಗೆ ಹೇಳಿದರು! "ಬಸಲಿಂಗಪ್ಪ, ಇವತ್ತ ನೀ ಬ್ಯಾಡ. ಕುಂದರು, ಉಣ್ಣು. ಬಡಸೂದು ಬ್ಯಾರೇದಾವ್ರು ಮಾಡ್ತಾರ." ನೀನು ಜಗಳ ಮಾಡಲಿಲ್ಲ. ನಾನು ಕೊಯ್ದಿಲ್ಲ ಎಂದೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಪ್ಪಾ? ಪಂಕ್ತಿಯಲ್ಲಿ ಕೂತು ಎರಡು ತುತ್ತು ಉಂಡೆ, ಮನೆಗೆ ಬಂದೆ, ಹಿತ್ತಲಲ್ಲಿ ನಿಂತು ಕೈ ತೊಳೆದೆ. ತೊಳೆದೇ ತೊಳೆದೆ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಹೊರಗೆ ಬಂದು ನಿನ್ನ ಕಾಲು ಹಿಡಿಯಬೇಕಿತ್ತು, ಧೈರ್ಯ ಬರಲಿಲ್ಲ.

ಮೂರು ಸಲ ನೀನು ಹುಕ್ಕೇರಿಗೆ, ಸಾಹೇಬರ ಮನೆಗೆ ಹೋದೆ. ಮೂರನೇ ಸಲ ನಾನೂ ಬಂದಿದ್ದೆ. ಅವರು ಜೋಕಾಲಿಯಲ್ಲಿ ಕೂತಿದ್ದರು, ನೀನು ನಿಂತಿದ್ದೆ. "ಸರ, ಹಿಕ್ಕಿ ಆರಿಸಿದ ಬಸಲಿಂಗಪ್ಪ ಅಂತ ಬರೀರಿ, ಸಾಕು. ಕೊಯ್ದ ಅನ್ನೂದೊಂದ ತಗೀರಿ." ಸಾಹೇಬರು ನಕ್ಕರು. "ಒಂದ ಸಾಲಿಗಿ ಇಷ್ಟ್ಯಾಕ ಹಚ್ಚಿಕೊಂಡೀಯೋ ಮಾರಾಯಾ? ಇಂಗ್ಲಿಷಿನ್ಯಾಗ ಐತಿ, ನಿಮ್ಮೂರಾಗ ಯಾರ ಓದ್ತಾರ?" ಓದಿದವಳು ಬಾಗಿಲಲ್ಲೇ ನಿಂತಿದ್ದೆ. ಆಮೇಲೆ ದನಿ ಇಳಿಸಿ ನಿಜ ಹೇಳಿದರು. ಜಠರ ಕೊಯ್ದು ನೋಡಬೇಕೆಂದು ಮೇಲಿನವರು ಕೇಳಿದ್ದರು, ಬರೀ ಹಿಕ್ಕೆಯ ಮೇಲೆ ಬರೆದರೆ ಡಿಗ್ರಿ ಸಿಗುತ್ತಿರಲಿಲ್ಲ. ಅದಕ್ಕೇ ನಿನ್ನ ಸೀಸೆಯ ಹಿಕ್ಕೆಯನ್ನೆಲ್ಲ ಜಠರದಿಂದ ತೆಗೆದದ್ದು ಎಂದು ಬರೆದಿದ್ದರು. ಮರಳೇಡಿ ಮೀನು ಮುಟ್ಟುವುದೇ ಅಪರೂಪ ಎಂದೂ ಬರೆದಿದ್ದರು, ನೀನು ಬೇಡವೆಂದದ್ದನ್ನೇ. ಕೊಯ್ದವರು ಯಾರು ಎಂಬ ಪ್ರಶ್ನೆಗೆ ನಿನ್ನ ಹೆಸರು. ಬಸ್ಸಿನಲ್ಲಿ ನೀನು ಹೇಳಿದ್ದು ಒಂದೇ ಮಾತು: "ಹೇಳಿದ್ರ ಅವರ ಡಿಗ್ರಿ ಹೋಗತೈತಿ. ಮಕ್ಕಳು ಮರಿ ಇದ್ದವರು. ಬಿಡು." ಅವರಿಗೆ ಮಾತ್ರ ಮಕ್ಕಳಿದ್ದರೇ?

ಎಂ.ಎಸ್ಸಿ.ಯಲ್ಲಿ ನಾನು ಏಡಿ ಕೊಯ್ಯಬೇಕಾಯಿತು. ಹೆದರಿ ಹೆದರಿ ನಿನಗೆ ಫೋನು ಮಾಡಿದ್ದೆ. ನೀನು, "ಕಲಿಯಾಕ ಬೇಕಂದ್ರ ಕೊಯ್ಯಿ. ಆದ್ರ ಎಷ್ಟ ಕೊಯ್ದಿ ಅಂತ ಎಣಿಸಿ ಇಟ್ಕೊ, ಮರೀಬ್ಯಾಡ" ಎಂದೆ. ಎಣಿಸಿ ಇಟ್ಟಿದ್ದೇನೆ. ಹನ್ನೊಂದು.

ನಿನ್ನನ್ನು ಕೂರಿಸಿ ಮಣ್ಣು ಕೊಟ್ಟ ದಿನ ಚನ್ನಪ್ಪ ಕಾಕಾ ದೊಡ್ಡ ಹಾರ ತಂದಿದ್ದರು. ನಾನು ಸಹಿಸಿಕೊಂಡೆ. ಆರಾಧನೆಯ ದಿನ ಸಾಹೇಬರೂ ಬಂದರು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಕೂದಲಿಗೆ ಕರಿ ಬಣ್ಣ. ನಿನ್ನ ಫೋಟೋದ ಎದುರು ಹುಗ್ಗಿ ಉಣ್ಣುತ್ತ, ಇಡೀ ಪಂಕ್ತಿಗೆ ಕೇಳುವಂತೆ, "ಏನ್ ಕೈ ರೀ ಅದು! ನೂರಾರು ಏಡಿ ಕೊಯ್ದ ಕೈ" ಎಂದರು. ಹೊಗಳಿಕೆ ಅದು. ನನ್ನ ಕೈಯಲ್ಲಿ ತುಪ್ಪದ ಗಿಂಡಿ ಇತ್ತು. ಕಾದ ತುಪ್ಪವನ್ನು ಅವರ ಬಣ್ಣದ ತಲೆಯ ಮೇಲೆ ಸುರಿಯಬೇಕೆನಿಸಿತು. ಸುರಿಯಲಿಲ್ಲ, ಹುಗ್ಗಿಯ ಮೇಲೆ ಹಾಕಿದೆ. ಆದರೆ ನಿನ್ನ ಏಡಿಯ ಹಾಗೆ ನನ್ನ ಹೊಟ್ಟೆಯಲ್ಲಿ ಆವತ್ತು ಏನೋ ಗುರ್ ಎಂದಿತು.

ಆ ವಾರವೇ ನಿನ್ನ ಟ್ರಂಕು ತೆಗೆದೆ. ನಿನ್ನ ನೋಟುಬುಕ್ಕು ಸಿಕ್ಕಿತು, ನೂರು ಪುಟದ್ದು, ರಟ್ಟು ಉಪ್ಪು ಹಿಡಿದು ಬಿಳಿಯಾಗಿತ್ತು. ಒಂದೊಂದು ಏಡಿಗೂ ಒಂದು ಸಾಲು: ನಂಬರು, ತಾರೀಖು, ಹಿಕ್ಕೆಯಲ್ಲಿ ಕಂಡದ್ದು. ಪ್ರತಿ ಸಾಲಿನ ಕೊನೆಗೆ ಒಂದೇ ಪದ, 'ಬಿಟ್ಟೆ'. ಮೂವತ್ತೊಂಬತ್ತನೇ ನಂಬರಿನ ಎದುರು, 'ಎಡಗಡೆ ಹಿಂದಿನ ಕಾಲು ಇಲ್ಲ. ಕುಂಟ. ಬಿಟ್ಟೆ.' ನಾಲ್ಕು ದಿನದ ಮೇಲೆ, 'ಕುಂಟ ಮತ್ತ ಸಿಕ್ಕ. ಬಿಟ್ಟೆ.' ಮತ್ತೊಂದು ವಾರಕ್ಕೆ, 'ಮತ್ತ ಅವನ ಸಿಕ್ಕ. ನಂಬರ ಮಸಕಾಗೈತಿ. ತಿದ್ದಿ ಬಿಟ್ಟೆ.' ನೋಟುಬುಕ್ಕನ್ನೂ ಥೀಸಿಸ್ಸನ್ನೂ ಚೀಲದಲ್ಲಿ ಹಾಕಿಕೊಂಡು ದಿನಾ ಮೂಡಲಗಿಯ ಬಸ್ಸಿನಲ್ಲಿ ತಾಳೆ ನೋಡುತ್ತ ಹೋದೆ. ಥೀಸಿಸ್ಸಿನ ಹಿಂದೆ ಒಂದು ದೊಡ್ಡ ಪಟ್ಟಿ ಇದೆ, ಕೊಯ್ದ ಏಡಿಗಳದ್ದು. ಸಾಹೇಬರು ನಿನ್ನ ಪುಟಗಳನ್ನು ಓದದೆಯೇ ಇಳಿಸಿಕೊಂಡಿದ್ದರು. ಮೂವತ್ತೊಂಬತ್ತನೇ ನಂಬರು ಮೂರು ಕಡೆ, ಮೂರು ತಾರೀಖು, ಮೂರು ಜಠರ. ಅರಭಾವಿಯ ಹತ್ತಿರ ಅದು ಕಣ್ಣಿಗೆ ಬಿತ್ತು. ಬಸ್ಸಿನಲ್ಲಿ ಗಟ್ಟಿಯಾಗಿ ನಕ್ಕುಬಿಟ್ಟೆ. ತೋಟಗಾರಿಕೆ ಕಾಲೇಜಿನ ಹುಡುಗಿಯರು ಇಳಿಯುವುದನ್ನು ಬಿಟ್ಟು ನನ್ನ ಮುಖ ನೋಡಿದರು.

ಸಾಹೇಬರಿಗೆ ಗೋಕಾಕದ ಕಾಲೇಜಿನಲ್ಲಿ ಸನ್ಮಾನ ಎಂದು ತಿಳಿದಾಗ ನಾನೇ ಮುಂದೆ ಬಿದ್ದು ಹೋದೆ. ಹಳೆಯ ವಿದ್ಯಾರ್ಥಿನಿ, ಅಟೆಂಡರನ ಮಗಳು, ಎರಡು ಮಾತಾಡುತ್ತೇನೆ ಎಂದೆ. ಹುಡುಗರಿಗೆ ಏಡಿಯ ಹೊಟ್ಟೆಯ ಹಲ್ಲನ್ನು ಸರ್ ಅವರೇ ತೆಗೆದು ತೋರಿಸಲಿ, ಎಷ್ಟು ಚಂದ, ಎಂದೂ ಹೇಳಿದೆ. ವಿಭಾಗದವರಿಗೆ ಖುಷಿಯಾಯಿತು. ಏಡಿಗೆ ಧುಪದಾಳದ ಒಡ್ಡಿನ ಕೆಳಗೆ ಬಲೆ ಹಾಕುವವರ ಹತ್ತಿರ ಹೋದೆ. ಕಡಲಿನದಲ್ಲ, ಹೊಳೆಯದು. ಆದರೆ ಹೊಟ್ಟೆ ಇರುವ ಜಾಗ ಒಂದೇ. ಜೀವಂತ ಕೊಡಲು ಬಂದರು, ಬಲೆಯಲ್ಲಿ ಸತ್ತದ್ದೇ ಬೇಕು ಎಂದು ಆರಿಸಿ ತಂದೆ. ಅಷ್ಟು ಮಟ್ಟಿಗೆ ನಿನ್ನ ಮಾತು ಕೇಳಿದ್ದೇನೆ. ಚನ್ನಪ್ಪ ಕಾಕಾನ ಮನೆಗೂ ಹೋಗಿ, "ಅಪ್ಪನ ಹೆಸರ ತಗೀತಾರ, ನೀವು ಮುಂದ ಕುಂದರಬೇಕ್ರಿ" ಎಂದು ಕರೆದೆ. ಪಾಪ, ಇಸ್ತ್ರಿ ಮಾಡಿದ ಟೋಪಿ ಹಾಕಿಕೊಂಡು ಬಂದರು.

ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ನಾನು ಟ್ರೇ ತಂದು ಸಾಹೇಬರ ಮುಂದಿಟ್ಟೆ. ಕತ್ತರಿ ಕೈಗೆ ಕೊಟ್ಟೆ. ಮೊದಲು "ಈಗ ಕಣ್ಣ ಸರಿ ಕಾಣೂದಿಲ್ಲ" ಎಂದರು. ಹುಡುಗರು ಚಪ್ಪಾಳೆ ತಟ್ಟಿದ ಮೇಲೆ ಸಾಹೇಬರು ಉಬ್ಬಿದರು. ಜೀವಮಾನವೆಲ್ಲ ಚಾರ್ಟಿನ ಮೇಲೆ ಕೋಲಿಟ್ಟು ಪಾಠ ಹೇಳಿದವರು. ಏಡಿಯನ್ನು ಬೋರಲು ಹಾಕಿ ಬೆನ್ನ ಚಿಪ್ಪು ಎತ್ತಿದರೆ ಕಣ್ಣಿನ ಹಿಂದೆಯೇ ಜಠರ. ಅವರು ಅಂಗಾತ ಹಾಕಿ ಕೆಳಗಿನ ಬಾಲದ ಮಡಿಕೆಯನ್ನು ಕತ್ತರಿಸಿದರು. ಹೊಟ್ಟೆ ಎಂದರೆ ಹೊಟ್ಟೆಯ ಕಡೆ ಇರಬೇಕಲ್ಲ! ಬಗೆದರು, ಕೆದಕಿದರು, ಹಳದಿ ರಾಡಿ ಎದ್ದಿತು. ಒಬ್ಬ ಹುಡುಗ ಮೂಗು ಮುಚ್ಚಿದ. ನಾನು ಸಹಾಯಕ್ಕೆ ಹೋಗಲಿಲ್ಲ. ನಿಂತು ನೋಡಿದೆ, ಅಪ್ಪಾ. ಸುಖವಾಯಿತು. ಸುಳ್ಳು ಯಾಕೆ ಹೇಳಲಿ?

ಆಮೇಲೆ ನಾನೇ ಏಡಿಯನ್ನು ತಿರುಗಿಸಿ, ಚಿಪ್ಪು ಎತ್ತಿ, ಜಠರ ಬಿಡಿಸಿ, ಮೂರು ಹಲ್ಲನ್ನು ಬೆರಳ ತುದಿಯಲ್ಲಿಟ್ಟು ತೋರಿಸಿದೆ. ಸಾಹೇಬರು ಕೈ ಒರೆಸಿಕೊಂಡು ಮೈಕಿಗೆ ಬಾಗಿ, ನಾನು ಎಣಿಸಿದ್ದ ಮಾತನ್ನೇ ಆಡಿದರು: "ಇದನ್ನೆಲ್ಲಾ ಇವರಪ್ಪ ಮಾಡ್ತಿದ್ದ. ನಾ ಬರೇ ನೋಡಿ ಬರಕೊಳ್ತಿದ್ದೆ." ನಾನು ನೋಟುಬುಕ್ಕು ತೆಗೆದೆ. ಕುಂಟನ ಮೂರೂ ಸಾಲು ಓದಿದೆ. ಥೀಸಿಸ್ಸಿನ ಮೂರೂ ಸಾಲು ಓದಿದೆ. "ಸರ, ಮೂವತ್ತೊಂಬತ್ತನೇ ಏಡಿನ್ನ ಮೂರ ಸಲ ಕೊಯ್ದೀರಿ. ಕೊಯ್ದ ಏಡಿ ಎದ್ದ ಓಡತೈತೇನ್ರಿ?"

ಮೊದಲು ಹಿಂದಿನ ಸಾಲಿನಲ್ಲಿ ನಗು ಬಂತು, ಆಮೇಲೆ ಅದೂ ನಿಂತಿತು. ಸಾಹೇಬರು ಥೀಸಿಸ್ಸಿನ ಕಡೆ ಬಾಗಿ ನೋಡಿದರು. "ಭಾಳ ವರ್ಷ ಆತು... ಟೈಪ್ ಮಾಡೂವಾಗ..." ಎಂದರು. ನಾನು ಕಾದೆ. ಅವರು ಇಡೀ ಸಭೆಯಲ್ಲಿ ಒಂದು ಮುಖಕ್ಕಾಗಿ ಹುಡುಕಿದರು, ತಮ್ಮ ಪರವಾಗಿ ಸುಮ್ಮನಿರುವ ಒಂದು ಮುಖಕ್ಕಾಗಿ. ಆ ಮುಖ ನಿನ್ನದಲ್ಲವೇ? ನೀನು ಅಲ್ಲಿರಲಿಲ್ಲ. ಕೊನೆಗೆ, "ಇಲ್ಲ. ಬಸಲಿಂಗಪ್ಪ ಕೊಯ್ದಿಲ್ಲ" ಎಂದರು. "ಮೈಕಿನ್ಯಾಗ ಹೇಳ್ರಿ ಸರ, ಮುಂದ ಕುಂತವರಿಗಿ ಕಿವಿ ಕಡಿಮಿ" ಎಂದೆ. ಮೈಕಿನಲ್ಲಿ ಹೇಳಿದರು: "ಅವಾ ಒಂದೂ ಏಡಿ ಕೊಯ್ದಿಲ್ಲ. ಹಿಕ್ಕಿ ಆರಿಸಿ ಕೊಟ್ಟಾನ. ನಾ ಬರದದ್ದು ಸುಳ್ಳ." ಅವರ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅವರನ್ನು ನೋಡಿ ಒಂದು ಗಳಿಗೆ ಅಯ್ಯೋ ಎನಿಸಿತು. ಆಮೇಲೆ ಹಿತ್ತಲಲ್ಲಿ ನೀನು ಕೈ ತೊಳೆದದ್ದು ನೆನಪಾಯಿತು, ಅಯ್ಯೋ ಅನಿಸಿದ್ದು ಹೋಯಿತು.

ಇನ್ನೊಂದು ಸುದ್ದಿ ಉಳಿದಿದೆ. ನಿನ್ನೆ ಸೋಮವಾರ. ನೀನು ಹೋದ ಮೇಲೆ ಮೊದಲ ಸಲ ದಾಸೋಹಕ್ಕೆ ಹೋದೆ. ಚನ್ನಪ್ಪ ಕಾಕಾ ಬಾಗಿಲಲ್ಲೇ ಎದುರಾದರು. ಆ ಸಭೆಯಿಂದ ಮನೆಗೆ ಬಂದ ಮೇಲೆ ಮೂರು ದಿನ ಕಟ್ಟೆಗೆ ಬಂದಿರಲಿಲ್ಲವಂತೆ. ಒಳಗೆ ಹೋಗಿ ನಿನ್ನ ಸವಟನ್ನು ತಂದು ನನ್ನ ಕೈಗೆ ಕೊಟ್ಟರು. "ನಿಮ್ಮಪ್ಪಂದಿದು. ನಮ್ಮಿಂದ ತಪ್ಪಾತವಾ. ಇವತ್ತ ನೀ ಬಡಸು" ಎಂದು ಹೋಗಿ ಮೊದಲ ಪಂಕ್ತಿಯ ಮೊದಲ ತಾಟಿಗೆ ಕೂತರು. ತಪ್ಪಾಯಿತು ಎಂದರೆ ಮುಗಿಯಿತೇ? ಅಷ್ಟು ಸುಲಭವೇ?

ನಾನು ಹುಗ್ಗಿಯ ಕೊಳಗ ಹಿಡಿದು ಅವರ ಮುಂದೆ ನಿಂತೆ. "ಕಾಕಾ, ನಮ್ಮಪ್ಪ ಒಂದೂ ಕೊಯ್ದಿದ್ದಿಲ್ಲ. ನೀವ ಕೇಳೀರಿ. ಆದ್ರ ಈ ಕೈ ಖರೇನ ಕೊಯ್ದೈತಿ, ಹನ್ನೊಂದ ಏಡಿ, ಎಲ್ಲಾ ಜೀವಂತ ಇದ್ದುವು. ಬಡಸ್ಲೇನ್ರಿ, ಬ್ಯಾಡೇನ್ರಿ?" ಕಾಕಾ ನನ್ನ ಕೈ ನೋಡಿದರು, ಖಾಲಿ ತಾಟು ನೋಡಿದರು. ಬೇಡ ಎಂದರೆ ನಿನಗೆ ಹೇಳಿದ್ದನ್ನು ಎಲ್ಲರ ಮುಂದೆ ಮತ್ತೊಮ್ಮೆ ಹೇಳಬೇಕು. ತಾಟನ್ನು ಮುಂದೆ ಸರಿಸಿ, "ಬಡಸವಾ" ಎಂದರು.

ತುಂಬಿಸಿ ಒಂದು ಸವಟು ಹಾಕಿದೆ. ತಲೆ ತಗ್ಗಿಸಿ ಉಂಡರು. ನಾನು ಅಲ್ಲಿಂದ ಕದಲಲಿಲ್ಲ, ತಾಟು ಬರಿದಾಗುವ ತನಕ ನಿಂತು, ಕೇಳದೆಯೇ ಇನ್ನೊಂದು ಸವಟು ಹಾಕಿದೆ. ಅದನ್ನೂ ಉಂಡರು. ಅಪ್ಪಾ, ಸವಟು ಈಗ ನಮ್ಮ ಮನೆಯಲ್ಲಿದೆ, ಅವ್ವ ಹುಣಸೆಹುಳಿ ಹಚ್ಚಿ ಬೆಳಗಿಟ್ಟಿದ್ದಾಳೆ. ಕಾಕಾ ಬದುಕಿರುವಷ್ಟು ಸೋಮವಾರ ಅವರಿಗೆ ನಾನೇ ಬಡಿಸುತ್ತೇನೆ.

ನಿನ್ನ
ನೀಲಾ